ಸಾವಿರಗಣ್ಣಿನ ಫೋನು, ಒಂದೇ ಒಂದು ದೀಪ

"ಅಣ್ಣಾ, ನನ್ನ ಮೂಗ ಎಲ್ಲಿ ಹೋತು?"

ಚುರುಮುರಿಯ ಗಿರ್ಮಿಟ್ಟು ಮಾರುವ ಗಾಡಿಯ ಅಯಾನ್ ನದಾಫ ಹೀಗೆ ಕೂಗಿದ್ದೇ ತಡ, ‘ಮೌನೇಶ ಮೊಬೈಲ್ಸ್’ ಅಂಗಡಿಯಲ್ಲಿ ಸೇರಿದ್ದವರೆಲ್ಲ ಗೋಡೆಯ ಪರದೆಯತ್ತ ಕತ್ತು ಚಾಚಿದರು. ಪರದೆಯ ಮೇಲೆ ಅಯಾನನ ಮುಖ ದೊಡ್ಡದಾಗಿ ಮೂಡಿತ್ತು. ಕಣ್ಣಿದ್ದವು, ಹುಬ್ಬಿದ್ದವು, ಬೆಳಿಗ್ಗೆ ಕೊತ್ತಂಬರಿ ಹೆಚ್ಚುವಾಗ ಗದ್ದಕ್ಕೆ ಅಂಟಿದ ಒಂದು ಎಸಳೂ ಇತ್ತು. ಮೂಗು ಇರಬೇಕಾದಲ್ಲಿ ಮಾತ್ರ ಹಂಚಿನ ತಳದಂಥ ಕಪ್ಪು.

"ಅಲ್ಲೇ ಐತಲ್ಲೋ, ಮುಟ್ಟಿ ನೋಡ್ಕೋ," ಎಂದ ಅಂಗಡಿಯ ಮಾಲೀಕ ಮೌನೇಶ ಬಡಿಗೇರ.

"ಮಾರಿ ಮ್ಯಾಲ ಐತಿ. ಫೋಟೋದಾಗ ಎಲ್ಲೈತಿ?"

"ಫೋಟೋದಾಗ ಇದ್ದದ್ದು ನಿಮ್ಮ ಮೂಗಲ್ರಿ," ಎಂದಳು ಪರದೆಯ ಪಕ್ಕ ನಿಂತಿದ್ದ ಅನ್ವಿತಾ ಸವಣೂರ. "ಅದು ಫೋನಿನ ಮೂಗು. ನಿಮ್ಮ ಮೂಗಿನ ಮ್ಯಾಲಿನ ಬೆಳಕು ಅದಕ್ಕ ಸರಿಯಾಗಿ ಸಿಗಲಿಲ್ಲ. ಕೋಟಿಗಟ್ಟಲೆ ಮೂಗು ಅದರ ನೆನಪಿನ್ಯಾಗ ಅದಾವಲ್ಲ, ಅದರಾಗಿಂದ ಒಂದನ್ನ ಆರಿಸಿ ಇಟ್ಟೈತಿ."

"ಇಡೂದು ಇಟ್ಟೈತಿ, ಇನ್ನಷ್ಟು ಚಲೋದು ಇಡಬಾರದಾಗಿತ್ತಾ?"

ಅಂಗಡಿಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮೌನೇಶ. ನಗಲು ಅವನಿಗೆ ಕಾರಣವಿತ್ತು. ಅಯಾನನ ಕೈಯಲ್ಲಿದ್ದದ್ದು ಬೇರೆ ಯಾವುದೋ ಕಂಪನಿಯ ಅಗ್ಗದ ಫೋನು. ಮೌನೇಶ ಮಾರುತ್ತಿದ್ದದ್ದು ಸಹಸ್ರಾಕ್ಷ. ಗದಗಿನ ಜನ ಅದನ್ನು ಪ್ರೀತಿಯಿಂದ ‘ಸಾವಿರಗಣ್ಣು’ ಎನ್ನುತ್ತಿದ್ದರು. ಅಂಗಡಿಯ ಹೊರಗೆ ಅವನೇ ಬಣ್ಣದಲ್ಲಿ ಬರೆದು ನಿಲ್ಲಿಸಿದ ಹಲಗೆಯಿತ್ತು: ‘ಸಾಕ್ಷಿದೀಪದ ಪರೀಕ್ಷೆ! ಸಹಸ್ರಾಕ್ಷ ಗೆಲ್ಲುವುದನ್ನು ಕಣ್ಣಾರೆ ನೋಡಿ!’

ಸಾಕ್ಷಿದೀಪ ಅನ್ವಿತಾಳ ಕೈಯ ಕೆಲಸ. ಅವಳು ಇದೇ ಊರಿನ ಹುಡುಗಿ, ಧಾರವಾಡದಲ್ಲಿ ಬೆಳಕಿನ ವಿಜ್ಞಾನ ಕಲಿಸುವವಳು. ತನ್ನ ದೀಪವನ್ನು ಪ್ರಯೋಗಾಲಯದ ಹೊರಗೆ, ನೂರು ತರಹದ ಫೋನು, ನೂರು ತರಹದ ಮುಖಗಳ ನಡುವೆ ಒರೆಗೆ ಹಚ್ಚಬೇಕೆಂದು ಬಂದಿದ್ದಳು. ನೋಡಲು ಅದು ಮನೆಯ ಬಲ್ಬಿನಂತೆಯೇ. ಆದರೆ ಬೆಳಕು ಒಂದೇ ಸಮನಾಗಿರುತ್ತಿರಲಿಲ್ಲ. ಕಣ್ಣಿಗೆ ಗೊತ್ತಾಗದಷ್ಟು ಸಣ್ಣಗೆ, ರೆಪ್ಪೆ ಬಡಿಯುವಷ್ಟರಲ್ಲಿ ಸಾವಿರಾರು ಸಲ, ಏರುತ್ತ ಇಳಿಯುತ್ತ ಇತ್ತು. ಆ ಏರಿಳಿತದ ತಾಳವನ್ನು ದೀಪ ಕ್ಷಣಕ್ಷಣಕ್ಕೂ ಹೊಸದಾಗಿ ಕಟ್ಟುತ್ತಿತ್ತು. ಮುಂದಿನ ಪೆಟ್ಟು ಯಾವುದೆಂದು ಮಾಡಿದವಳಿಗೂ ತಿಳಿಯದು; ಆಗಿಹೋದ ಪೆಟ್ಟುಗಳ ಲೆಕ್ಕವಷ್ಟೇ ದೀಪದಿಂದ ಅವಳ ಪರದೆಗೆ ಸಿಗುತ್ತಿತ್ತು. ಈ ಬೆಳಕು ಮುಖದ ಮೇಲೆ ಬಿದ್ದು ಪುಟಿದು ಫೋನಿನ ಮಸೂರವನ್ನು ಹೊಕ್ಕರೆ ತಾಳವೂ ಜೊತೆಗೇ ಹೊಗುತ್ತದೆ. ಫೋನು ಒಂದು ಚಿತ್ರಕ್ಕೆಂದು ಹತ್ತಾರು ನೋಟಗಳನ್ನು ಸರಸರನೆ ಹಿಡಿದು ಒಂದರ ಮೇಲೊಂದು ಕೂರಿಸುತ್ತದಷ್ಟೆ. ಅವುಗಳಲ್ಲಿ ತಾಳ ಎಲ್ಲಿ ಸಿಕ್ಕಿತೋ ಅದು ಫೋನು ನಿಜವಾಗಿ ಕಂಡದ್ದು. ಎಲ್ಲಿ ಸಿಗಲಿಲ್ಲವೋ ಅದು ತಾನೇ ಊಹಿಸಿ ತುಂಬಿದ್ದು. ತುಂಬಿದ್ದನ್ನೆಲ್ಲ ಅನ್ವಿತಾಳ ಪರದೆ ಕಪ್ಪು ಮಾಡಿ ತೋರಿಸುತ್ತಿತ್ತು.

"ಫೋನು ಆ ತಾಳಾನ ಕದ್ದು ತಾನ ಹಚ್ಚಿಕೊಂಡ್ರ?" ಎಂದು ಯಾರೋ ಹಿಂದಿನಿಂದ ಕೇಳಿದರು.

"ಕದೀಬೇಕಂದ್ರ ಮೊದಲು ನೋಡಬೇಕಲ್ರಿ," ಎಂದಳು ಅನ್ವಿತಾ. "ನೋಡಿದ್ರ ಅದು ಕಂಡಂಗ ಆತು. ನನಗ ಬೇಕಾದ್ದು ಅದ."

ಮೌನೇಶನ ಬಗ್ಗೆ ಒಂದು ಮಾತು ಹೇಳಬೇಕು. ಅವನು ಹೆಸರಿಗಷ್ಟೇ ಮೌನೇಶ. ಬಸ್ ನಿಲ್ದಾಣದ ಹಿಂದಿನ ಆ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೇಳಿಸುತ್ತಿದ್ದದ್ದು ಅವನ ಗಂಟಲೇ. ‘ಮೌನೇಶಣ್ಣ ಹೇಳ್ಯಾನಂದ್ರ ಆತು’ ಎಂದು ಜನ ಪೆಟ್ಟಿಗೆ ತೆರೆದೂ ನೋಡದೆ ಫೋನು ಒಯ್ಯುತ್ತಿದ್ದರು. ಆ ಮಾತಿನ ಬೆಲೆ ಫೋನಿನಾಚೆಗೂ ನಡೆಯುತ್ತಿತ್ತು. ಓಣಿಯಲ್ಲಿ ಮನೆ ಕೊಳ್ಳುವವರು, ಹೆಣ್ಣು ಕೊಡುವವರು ‘ಒಂದ್ಸಲ ಮೌನೇಶನ್ನ ಕೇಳೂಣು’ ಎಂದು ಅವನನ್ನು ನಡುವೆ ಕೂರಿಸಿಕೊಳ್ಳುತ್ತಿದ್ದರು. ಅವನ ಹಿಂದಿನ ಗೋಡೆಯ ತುಂಬ ಸಹಸ್ರಾಕ್ಷದ ಜಾಹೀರಾತು ಹಬ್ಬಿತ್ತು. ಮಳೆಹನಿ ಹೊತ್ತ ಒಂದು ಗಿಳಿ, ಅದರ ರೆಕ್ಕೆಯ ಎಳೆಎಳೆಯೂ ಸ್ಪಷ್ಟ. ಕೆಳಗೆ ‘ಒಂದು ನೋಟ, ಸಾವಿರ ಕಣ್ಣು. ಈ ಚಿತ್ರ ತೆಗೆದದ್ದು ಸಹಸ್ರಾಕ್ಷದಿಂದಲೇ’ ಎಂಬ ಸಾಲು.

"ಈಗ ನೋಡ್ರಿ ಖರೇ ಕ್ಯಾಮೆರಾ ಅಂದ್ರ ಹೆಂಗಿರತೈತಿ," ಎಂದು ಮೌನೇಶ ತನ್ನ ಸಹಸ್ರಾಕ್ಷವನ್ನು ಅಯಾನನ ಕೈಗಿಟ್ಟು, ದೀಪದ ಕೆಳಗೆ ಎದೆ ಸೆಟೆಸಿ ಕೂತ. ಅಯಾನ್ ಚಿತ್ರ ತೆಗೆದ. ಅನ್ವಿತಾ ಅದನ್ನು ಪರದೆಗೆ ಕೊಟ್ಟಳು.

ಪರದೆ ಕಪ್ಪಾಯಿತು. ಪೂರ್ತಿಯಲ್ಲ. ಒಂದು ಕಿವಿ ಉಳಿದಿತ್ತು, ಕನ್ನಡಕದ ಕಟ್ಟು ಉಳಿದಿತ್ತು, ಅರ್ಧ ಮೀಸೆ ಉಳಿದಿತ್ತು. ಉಳಿದ ಮೌನೇಶ ಎಲ್ಲೂ ಇರಲಿಲ್ಲ.

"ಅಣ್ಣಾ," ಎಂದ ಅಯಾನ್ ಮೆಲ್ಲಗೆ, "ನಂದು ಮೂಗಷ್ಟ ಹೋಗಿತ್ತು. ನೀ ಪೂರಾನ ಹೋಗೀಯಲ್ಲ."

ಈ ಸಲ ಮೌನೇಶ ನಗಲಿಲ್ಲ. "ನಿಮ್ಮ ದೀಪದಾಗ ಏನೋ ಐಬು ಐತಿ ಮೇಡಂ. ಭಾರಿ ಫೋನಿಗೆ ಇದು ಹೊಂದೂದಿಲ್ಲ."

ಅನ್ವಿತಾ ವಾದಕ್ಕಿಳಿಯಲಿಲ್ಲ. ಫೋನಿನ ಹಿಂಬದಿಯ ದೊಡ್ಡ ಗಾಜಿನ ಬಳೆಯಂಥ ಮುಚ್ಚಳವನ್ನು ಅವನಿಂದಲೇ ಬಿಚ್ಚಿಸಿದಳು. ಅಷ್ಟಗಲದ ಬಳೆಯೊಳಗೆ ನಿಜವಾದ ಮಸೂರ ಎಳ್ಳಿನಷ್ಟಿತ್ತು. ಸುತ್ತಲಿನದೆಲ್ಲ ಬರಿಯ ಗಾಜು, ಅಲಂಕಾರ. "ಕಣ್ಣು ಇದೊಂದ ರೀ. ಉಳಿದ ಸಾವಿರದ ಕೆಲಸ ಏನಿದ್ರೂ ಅಂದಾಜು. ಅಗ್ಗದ ಫೋನಿನ ಅಂದಾಜು ದಡ್ಡ ಇರತೈತಿ, ಅದಕ್ಕ ಅದು ಆದಷ್ಟು ಕಣ್ಣನ್ನ ನಂಬತೈತಿ. ಇದರ ಅಂದಾಜು ಭಾಳ ಶಾಣ್ಯಾ, ಅದಕ್ಕ ಕಣ್ಣು ಬ್ಯಾಡಾಗೇತಿ." ಆಮೇಲೆ ಕೌಂಟರಿನ ಮೇಲಿದ್ದ ಭೂತಗನ್ನಡಿಯನ್ನು, ಬಿಡಿಭಾಗ ಬೆಸೆಯುವಾಗ ಅವನೇ ಬಳಸುವ ಕನ್ನಡಿಯನ್ನು, ಗೋಡೆಯ ಗಿಳಿಯ ಕಣ್ಣಿನ ಮುಂದೆ ಹಿಡಿದು, "ಬಂದು ನೋಡ್ರಿ," ಎಂದಳು.

ಮೌನೇಶ ನೋಡಿದ. ಗಿಳಿಯ ಹೊಳೆಯುವ ಕಣ್ಣಿನಲ್ಲಿ ಎದುರಿಗಿದ್ದದ್ದರ ನೆರಳು ಬಿದ್ದಿತ್ತು. ಮೂರು ಕಾಲಿನ ಮೇಲೆ ನಿಂತ, ತೋಳುದ್ದ ಮಸೂರದ ದೊಡ್ಡ ಕ್ಯಾಮೆರಾ ಅದು. ಫೋನಲ್ಲ. ಅದೇ ಗಿಳಿಯ ಧೂಳನ್ನು ಅವನು ದಿನಾ ಬೆಳಿಗ್ಗೆ ಊದಿನಕಡ್ಡಿ ಹಚ್ಚುವ ಮೊದಲು ತನ್ನ ಕೈಯಾರೆ ಒರೆಸುತ್ತಿದ್ದ.

"ಮೌನೇಶಾ, ಹಂಗಾರ ನಂದೊಂದು ಫೋಟೋ ತೆಗಿ," ಎಂಬ ದನಿ ಬಾಗಿಲ ಬಳಿಯ ಸ್ಟೂಲಿನಿಂದ ಬಂತು.

ಆ ದನಿ ಐಶ್ವರ್ಯವ್ವನದು. ಅರವತ್ತೈದು ದಾಟಿದ ಹೆಂಗಸು. ಅವಳು ಹುಟ್ಟಿದಾಗ ಓಣಿಗೊಬ್ಬಳು ಐಶ್ವರ್ಯಾ ಇದ್ದಳಂತೆ. ಈಗ ಆ ಹೆಸರು ಕೇಳಿದರೆ ಮಕ್ಕಳು ‘ಹಳೇ ಕಾಲದ್ದು’ ಎನ್ನುತ್ತವೆ. ಸಕ್ಕರೆ ಕಾಯಿಲೆಯಿಂದ ಅವಳ ಎಡಗಾಲಿನ ಬೆರಳ ಬುಡದಲ್ಲಿ ಗಾಯವಾಗಿತ್ತು. ಪಾದಕ್ಕೆ ಜೋಮು ಹಿಡಿದು ನೋವು ತಿಳಿಯುತ್ತಿರಲಿಲ್ಲ, ಕಣ್ಣಿನ ಪೊರೆಯಿಂದ ಅಂಗಾಲೂ ಕಾಣುತ್ತಿರಲಿಲ್ಲ. ಸೊಸೆ ವಾರಕ್ಕೊಮ್ಮೆ ಗಾಯದ ಚಿತ್ರ ತೆಗೆದು ಹುಬ್ಬಳ್ಳಿಯ ಡಾಕ್ಟರಿಗೆ ಕಳಿಸುತ್ತಿದ್ದಳು. ಅದಕ್ಕೆಂದೇ ಸಾವಿರಗಣ್ಣು ಕೊಂಡಿದ್ದರು. ಜಾಹೀರಾತಿನಲ್ಲಿ ‘ವೈದ್ಯರ ಕಣ್ಣಿಗೆ ಸಮ’ ಎಂದಿತ್ತು. ಮೌನೇಶ ಹೌದು ಎಂದಿದ್ದ.

"ಮಾರಿಗೆ ದೀಪ ಹಿಡೀಲೇನ್ರಿ ವೈನಿ?" ಎಂದ ಮೌನೇಶ, ಮಾತು ಹಗುರ ಮಾಡಲು.

"ಮಾರಿ ನೋಡಿ ಯಾರಿಗೆ ಏನಾಗಬೇಕೈತಿ? ಕಾಲು ತೆಗಿ. ಮಾಯ್ದೈತಿ ಅಂತ ಡಾಕ್ಟರ್ ಅಂತಾನ, ಮಾಯ್ದೈತಿ ಅಂತ ಸೊಸಿ ಅಂತಾಳ. ನಮ್ಮ ಬೆಕ್ಕು ಮಾತ್ರ ಮೂಸಿ ನೋಡಿ ದೂರ ಹೋಗಿ ಕೂಡತೈತಿ."

ಚಿತ್ರ ತೆಗೆದಾಗ ಫೋನಿನಲ್ಲಿ ಎಳೆಗೆಂಪು, ನಯವಾದ, ಮಾಯ್ದ ಚರ್ಮ ಕಂಡಿತು. ಪರದೆಯಲ್ಲಿ ಆ ಎಳೆಗೆಂಪೆಲ್ಲ ಕಪ್ಪು. ಮೌನೇಶ ನೆಲಕ್ಕೆ ಕೂತು ಅವಳ ಪಾದವನ್ನು ಎರಡೂ ಕೈಯಲ್ಲಿ ಎತ್ತಿ, ಬರಿಗಣ್ಣಿನಿಂದ ನೋಡಿದ. ಪರದೆಯ ಮೇಲೆ ಎಲ್ಲಿ ಕಪ್ಪಿತ್ತೋ ಪಾದದ ಮೇಲೂ ಅಲ್ಲಿ ಕಪ್ಪೇ ಇತ್ತು.

ಸೊಸೆಯನ್ನು ಕರೆಸಿದರು. ಅವಳು ಬಾಯಿಗೆ ಸೆರಗು ಹಿಡಿದು ಅತ್ತಳು. "ನಾ ನೋಡೇನ್ರಿ ಕಾಕಾ, ಕಣ್ಣಿಲೆ ನೋಡೇನಿ. ಕಪ್ಪಗ ಕಾಣತಿತ್ತು. ಫೋಟೋದಾಗ ಕೆಂಪಗ ಇತ್ತು. ಅರಿಶಿಣದ್ದೋ ಔಷಧದ್ದೋ ಕಲೆ ಇರಬೇಕು, ಫೋಟೋ ಸುಳ್ಳ ಹೇಳತೈತೇನು ಅಂದುಕೊಂಡೆ."

ಅವತ್ತೇ ಹುಬ್ಬಳ್ಳಿಗೆ ಒಯ್ದರು. ಮೌನೇಶ ಅಂಗಡಿ ಮುಚ್ಚಿ ಜೊತೆಗೆ ಹೋದ. ಹೆಬ್ಬೆರಳ ಪಕ್ಕದ ಎರಡು ಬೆರಳು ತೆಗೆಯಬೇಕಾಯಿತು, ಪಾದ ಉಳಿಯಿತು. ಇನ್ನೊಂದಿಷ್ಟು ದಿನ ಫೋಟೋ ನಂಬಿ ಕೂತಿದ್ದರೆ ಮೊಣಕಾಲಿನವರೆಗೂ ಕತ್ತರಿಸುವ ಮಾತಾಡಬೇಕಾಗುತ್ತಿತ್ತು ಎಂದರು ಡಾಕ್ಟರು. ಅವರ ಮುಖವೂ ಸಣ್ಣದಾಗಿತ್ತು. ಪ್ರತಿ ವಾರ ಆ ಎಳೆಗೆಂಪು ಚಿತ್ರಕ್ಕೆ ‘ಬಹಳ ಸುಧಾರಣೆ’ ಎಂದು ಉತ್ತರ ಬರೆದವರು ಅವರೇ.

ಸುದ್ದಿ ಗದಗಿಗೆ ಅವರಿಗಿಂತ ಮೊದಲು ಮುಟ್ಟಿತ್ತು. ಕಂಪನಿಯನ್ನು ಯಾರೂ ಬೈಯಲಿಲ್ಲ. ಕಂಪನಿಯ ಮುಖ ಯಾರು ಕಂಡಿದ್ದರು? ಜನ ಕಂಡದ್ದು ಮೌನೇಶನ ಮುಖ. ಸಂತೆಯಲ್ಲಿ ಅವನು ಬದನೆಕಾಯಿ ಎತ್ತಿ ‘ಹುಳುಕ ಅದಾವಲ್ಲವ್ವಾ’ ಎಂದರೆ ಮಾರುವವಳು, "ನಿನ್ನ ಫೋನಿಲೆ ನೋಡಣ್ಣಾ, ಹುಳ ಹೋಗತಾವ," ಎಂದಳು. ಸುತ್ತಲಿನ ನಾಲ್ಕು ಬುಟ್ಟಿಯವರು ನಕ್ಕರು. ಅದು ಹೋಗಲಿ, ನಗೆಯನ್ನು ತಿರುಗಿಸಿ ಹೊಡೆಯುವುದು ಅವನಿಗೆ ಗೊತ್ತಿತ್ತು. ಗೊತ್ತಿರದಿದ್ದದ್ದು ಇನ್ನೊಂದು. ಆ ತಿಂಗಳು ಎದುರು ಮನೆಯ ಹುಡುಗಿಯ ನಿಶ್ಚಯದ ಮಾತುಕತೆಗೆ ಚಾಪೆ ಹಾಸಿದರು, ಅವನನ್ನು ಕರೆಯಲಿಲ್ಲ. ಇಡೀ ಸಂಜೆ ಕೌಂಟರಿನ ಹಿಂದೆ ನಿಂತು, ತಾನಿಲ್ಲದೆ ನಡೆಯುತ್ತಿದ್ದ ಆ ಮಾತುಗಳನ್ನು ಅವನು ಆಚೆ ಕಡೆಯಿಂದ ಕೇಳಿಸಿಕೊಂಡ.

ಮರುದಿನ ಅನ್ವಿತಾ ದೀಪವನ್ನು ಬಿಚ್ಚಿಕೊಂಡು ಹೋಗಲು ಬಂದಳು. "ನನ್ನಿಂದ ನಿಮಗ ಭಾಳ ತ್ರಾಸ ಆತು," ಎಂದಳು.

"ಬಿಚ್ಚಬ್ಯಾಡ್ರಿ," ಎಂದ ಮೌನೇಶ. "ದೀಪ ಇಲ್ಲೇ ಇರಲಿ. ಬೋರ್ಡ್ ಬದಲಿ ಮಾಡತೀನಿ." ಹೊರಗಿನ ಹಲಗೆಯಲ್ಲಿ ‘ಸಹಸ್ರಾಕ್ಷ ಗೆಲ್ಲುವುದನ್ನು’ ಎಂಬಷ್ಟನ್ನು ಅಳಿಸಿದ. ‘ಕಣ್ಣಾರೆ ನೋಡಿ’ ಉಳಿಯಿತು.

ಮುಂದಿನ ವಾರ ಕಂಪನಿಯ ಅಧಿಕಾರಿ ವಿವಾನ್ ಬೆಂಗಳೂರಿನಿಂದ ಬಂದ. ಇನ್ನೂ ಮೂವತ್ತು ತುಂಬದ, ಮಾತಿನಲ್ಲಿ ಬೆಣ್ಣೆಯಂಥ ಹುಡುಗ. ಯುಗಾದಿಗೆ ಸಹಸ್ರಾಕ್ಷದ ಹೊಸ ಫೋನು ಬರಲಿತ್ತು. ಉತ್ತರ ಕರ್ನಾಟಕದ ಮೊದಲ ಪ್ರದರ್ಶನ ಮೌನೇಶನ ಅಂಗಡಿಯ ಮುಂದೆಯೇ ಎಂದು ಮೊದಲೇ ಗೊತ್ತಾಗಿತ್ತು.

"ಸರ್, ಒಂದೇ ವಿನಂತಿ," ಎಂದ ವಿವಾನ್. "ಆ ದೀಪ ತೆಗೆದುಬಿಡಿ. ಅದು ನಮ್ಮ ಸೆನ್ಸರಿಗೆ ತೊಂದರೆ ಕೊಡುತ್ತೆ."

"ಬೆಳಕು ಬಿದ್ರ ಕೆಡೂ ಕಣ್ಣು ಎಂಥಾ ಕಣ್ಣರೀ ಅದು?"

"ಪೆಟ್ಟಿಗೆ ಮೇಲೆ ಬರೆದಿದೀವಿ ಸರ್, ‘ಚಿತ್ರದಲ್ಲಿ ಸುಧಾರಣೆಗಳಿರಬಹುದು’ ಅಂತ."

"ಅದನ್ನ ಓದಾಕ ನಿಮ್ಮ ಸಾವಿರ ಕಣ್ಣೂ ಸಾಲಂಗಿಲ್ಲ. ಅಷ್ಟ ಸಣ್ಣ ಅಕ್ಷರ."

ವಿವಾನ್ ನಕ್ಕ. ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ ಹೇಳಿದ: "ನಿಜ ಹೇಳ್ತೀನಿ ಸರ್. ಜನಕ್ಕೆ ನಿಜ ಬೇಕಾಗಿಲ್ಲ. ಚೆನ್ನಾಗಿ ಕಾಣಬೇಕು ಅಷ್ಟೇ. ಮದುವೆ ಮನೇಲಿ ಯಾರಾದ್ರೂ ಮೊಡವೆ ಇರೋ ಫೋಟೋ ಕೇಳ್ತಾರಾ?"

ಹುಡುಗ ಹೇಳಿದ್ದರಲ್ಲಿ ಅರ್ಧ ಸುಳ್ಳಲ್ಲ. ತನ್ನ ಮದುವೆಯ ಫೋಟೋದಲ್ಲಿ ತಾನೇ ಎಷ್ಟು ಬೆಳ್ಳಗಿದ್ದೇನೆಂದು ಮೌನೇಶನಿಗೆ ಗೊತ್ತಿತ್ತು.

"ಕೇಳಂಗಿಲ್ಲ," ಎಂದ. "ಚಂದ ಮಾಡೂದು ತಪ್ಪಂತ ಯಾರ ಅಂದ್ರು? ಬಣ್ಣ ಹಚ್ಚಾಕ ಬಂದಾವ ಬಣ್ಣ ಹಚ್ಚೇನಿ ಅಂತ ಹೇಳಿ ರೊಕ್ಕ ತಗೊಳ್ಳಲಿ. ಸಾಕ್ಷಿ ಹೇಳಾಕ ಬಂದಾವ ಕಂಡದ್ದು ಹೇಳಲಿ. ನೀವೇನ ಮಾಡೀರಿ? ಬಣ್ಣದವನ್ನ ಕರಕೊಂಡು ಬಂದು ಕಟಕಟಿಯೊಳಗ ನಿಲ್ಲಿಸೀರಿ. ಅವನ ಮಾತು ಕೇಳಿ ಒಬ್ಬಾಕಿ ಕಾಲು ಕೊಳತೈತಿ."

"ಹಾಗಾದ್ರೆ ಏಜೆನ್ಸಿ ವಾಪಸ್ ತಗೋಬೇಕಾಗುತ್ತೆ ಸರ್. ನನ್ನ ಕೈಲಿಲ್ಲ. ಯೋಚನೆ ಮಾಡಿ. ಗದಗಲ್ಲಿ ನಮ್ಮ ಬ್ರ್ಯಾಂಡಿಗೆ ಒಂದು ಹೆಸರಿದೆ."

"ಐತಿ. ಆ ಹೆಸರು ಮೌನೇಶ ಬಡಿಗೇರ. ಅದನ್ನ ನೀವು ನನಗ ಕೇಳಲಾರದ ಮಾರೀರಿ."

ಆದರೂ ವಿವಾನ್ ಪ್ರದರ್ಶನ ರದ್ದು ಮಾಡಲಿಲ್ಲ. ಚಪ್ಪರ ಬಂದಿತ್ತು, ಧ್ವನಿವರ್ಧಕ ಬಂದಿತ್ತು. ದೀಪವಿದ್ದರೂ ಹೊಸ ಫೋನಿನ ಚಂದಕ್ಕೆ ಜನ ಮರುಳಾಗುತ್ತಾರೆಂಬ ನಂಬಿಕೆ ಅವನದು. ಯುಗಾದಿಯ ಬೆಳಿಗ್ಗೆ ಬೇವುಬೆಲ್ಲ ತಿಂದ ಬಾಯಲ್ಲೇ ಜನ ಓಣಿಯಲ್ಲಿ ತುಂಬಿದರು. ಕೆಲವರು ಫೋನು ನೋಡಲು ಬಂದಿದ್ದರು, ಬಹಳ ಮಂದಿ ಮೌನೇಶನ ಮುಖ ಹೇಗಾಗುತ್ತದೆಂದು ನೋಡಲು.

ವಿವಾನ್ ವೇದಿಕೆ ಏರಿ ಹೇಳಿದ: "ನಾನು ಮಾತಾಡಲ್ಲ, ಫೋನು ಮಾತಾಡುತ್ತೆ. ಯಾರಾದರೂ ಬನ್ನಿ. ಆದರೆ ಮೌನೇಶ್ ಸರ್, ಮೊದಲು ಆ ದೀಪ ಆರಿಸಿ."

ಮೌನೇಶ ಗುಂಡಿ ಒತ್ತಿ ಸಾಕ್ಷಿದೀಪ ಆರಿಸಿದ. ಜನ ಗುಜುಗುಜು ಎಂದರು. ‘ಹೆದರಿದ ನೋಡು’ ಎಂದಿತು ಒಂದು ದನಿ. "ಆರಿಸೇನಿ," ಎಂದ ಮೌನೇಶ. "ಹಗಲಿನ ಬೆಳಕು ಸಾಲತೈತಲ್ಲ ನಿಮ್ಮ ಫೋನಿಗೆ? ಬರ್ರಿ ವೈನಿ."

ಐಶ್ವರ್ಯವ್ವ ಕೋಲೂರಿಕೊಂಡು ವೇದಿಕೆಗೆ ಬಂದಳು. ಕುರ್ಚಿಯಲ್ಲಿ ಕೂತು, ಸೀರೆಯ ಅಂಚನ್ನು ಒಂದಿಷ್ಟು ಮೇಲೆತ್ತಿ, ಎರಡೂ ಪಾದಗಳನ್ನು ಮುಂದೆ ಚಾಚಿದಳು. ಎಡಗಾಲಿನಲ್ಲಿ ಹೆಬ್ಬೆರಳಿನ ಪಕ್ಕ ಮಾಯ್ದ ಕಲೆ, ಖಾಲಿ ಜಾಗ. "ತೆಗಿಯಪಾ," ಎಂದಳು.

ವಿವಾನನಿಗೆ ಹಿಂದೆ ಸರಿಯಲು ದಾರಿ ಇರಲಿಲ್ಲ. ತೆಗೆದ. ಚಿತ್ರ ಚಪ್ಪರದ ದೊಡ್ಡ ಪರದೆಯ ಮೇಲೆ ಮೂಡಿತು.

ಚಂದದ ಚಿತ್ರ. ಸೀರೆಯ ಅಂಚಿನ ಎಳೆ ಎಣಿಸಬಹುದಿತ್ತು. ಬಲಗಾಲಿಗೆ ಐದು ಬೆರಳು. ಎಡಗಾಲಿಗೂ ಐದು ಬೆರಳು. ಬಲಗಾಲಿನ ಬೆರಳಲ್ಲಿ ಬೆಳ್ಳಿಯ ಕಾಲುಂಗುರವಿತ್ತು. ಫೋನು ಎಡಗಾಲಿನ ಇಲ್ಲದ ಬೆರಳಿಗೂ ಅಂಥದ್ದೇ ಒಂದನ್ನು ತೊಡಿಸಿತ್ತು.

ಐಶ್ವರ್ಯವ್ವ ಕಣ್ಣು ಕಿರಿದಾಗಿಸಿ ಪರದೆ ನೋಡಿದಳು, ತನ್ನ ಕಾಲು ನೋಡಿದಳು, ಮತ್ತೆ ಪರದೆ ನೋಡಿದಳು.

"ಆ ಉಂಗುರ ನಾ ತಿಜೋರಿಯೊಳಗ ಇಟ್ಟು ಬಂದೇನಿ. ಇದು ಯಾರದು?" ಎಂದಳು. ವಿವಾನನ ಕಡೆ ಅಂಗೈ ಚಾಚಿದಳು. "ಡಾಕ್ಟರ್ ತೆಗೆದ ಬೆರಳ ನಿನ್ನ ಫೋನು ವಾಪಸ್ ಕೊಟ್ಟೈತಿ. ಭಾಳ ಉಪಕಾರ ಆತು. ಇವನ್ನ ಜೋಡಿಸಿ ಕಳಸು, ಕೋಲು ಇಲ್ಲೇ ಒಗದು ನಡಕೋತ ಮನಿಗೆ ಹೋಗತೀನಿ."

ಮೌನೇಶ ಆಗ ದೀಪ ಹಚ್ಚಿದ. ವಿವಾನನ ಕೈಯಿಂದ ಫೋನು ತೆಗೆದುಕೊಂಡು, ತಾನೇ ಇನ್ನೊಂದು ಚಿತ್ರ ತೆಗೆದು ಅನ್ವಿತಾಳ ಪರದೆಗೆ ಕೊಟ್ಟ. ಎರಡು ಬೆರಳು ಕಪ್ಪಾದವು, ಉಂಗುರ ಕಪ್ಪಾಯಿತು, ಸೀರೆಯಂಚಿನ ಎಳೆಗಳಲ್ಲಿ ಮುಕ್ಕಾಲು ಪಾಲು ಕಪ್ಪಾದವು.

"ಇದನ್ನ ನಾನ ನಿಮಗ ಮಾರೇನಿ," ಎಂದು ಮೌನೇಶ ಧ್ವನಿವರ್ಧಕವಿಲ್ಲದೆ ಹೇಳಿದ. ಅದರ ಅಗತ್ಯ ಅವನ ಗಂಟಲಿಗೆ ಎಂದೂ ಇರಲಿಲ್ಲ. "ಇನ್ನ ಮ್ಯಾಲ ನನ್ನ ಮಾತು ನಂಬಿ ಯಾರೂ ಫೋನು ಒಯ್ಯಬ್ಯಾಡ್ರಿ. ಇಲ್ಲಿ ದೀಪ ಇರತೈತಿ. ಯಾವ ಕಂಪನಿದ ಇರಲಿ, ಇದರ ಕೆಳಗ ನಿಂತು ನೋಡಿ ಒಯ್ಯಿರಿ. ಯಾರ ಬಂದು ಆರಿಸತಾರೋ ನಾನೂ ನೋಡತೀನಿ!"

ಕಂಪನಿ ಏಜೆನ್ಸಿಯನ್ನು ಕಿತ್ತುಕೊಂಡಿತು. ದೀಪ ನಕಲಿ ಎಂದು ಹೇಳಿಕೆ ಕೊಟ್ಟಿತು. ಮೊಕದ್ದಮೆಯ ಬೆದರಿಕೆಯನ್ನೂ ಹಾಕಿತು. ಅನ್ವಿತಾ ಅದಕ್ಕೆ ಉತ್ತರವಾಗಿ ದೀಪ ಮಾಡುವ ಬಗೆಯನ್ನು ಯಾರು ಬೇಕಾದರೂ ನೋಡಿ ಮಾಡಿಕೊಳ್ಳಲೆಂದು ಜಗತ್ತಿಗೆಲ್ಲ ಬಿಚ್ಚಿಟ್ಟಳು. ಒಬ್ಬಳ ದೀಪವನ್ನು ಆರಿಸಬಹುದು, ಊರೂರಿನ ದೀಪವನ್ನು ಆರಿಸುವುದು ಹೇಗೆ? ಶ್ರಾವಣ ಬರುವಷ್ಟರಲ್ಲಿ ಹುಬ್ಬಳ್ಳಿ, ದಾವಣಗೆರೆ, ವಿಜಯಪುರದ ಅಂಗಡಿಗಳಲ್ಲಿ ಅದು ಉರಿಯುತ್ತಿತ್ತು. ದವಾಖಾನೆಗಳು ಗಾಯದ ಚಿತ್ರಕ್ಕೆ ಅದನ್ನು ಕಡ್ಡಾಯ ಮಾಡಿದವು. ಫೋನಿನ ಪೆಟ್ಟಿಗೆಯ ಮೇಲೆ ‘ಕಂಡದ್ದು ಇಷ್ಟು, ತುಂಬಿದ್ದು ಇಷ್ಟು’ ಎಂದು ದೊಡ್ಡ ಅಕ್ಷರದಲ್ಲಿ ಬರೆಯುವ ಕಂಪನಿಗಳು ಬಂದವು. ಸಹಸ್ರಾಕ್ಷದ ಹೋರ್ಡಿಂಗುಗಳು ಪೇಟೆಯಲ್ಲಿ ಹಾಗೇ ಹೊಳೆಯುತ್ತಿದ್ದವು, ಅಂಗಡಿಗಳಲ್ಲಿ ಮಾತ್ರ ಅದರ ಪೆಟ್ಟಿಗೆಗಳು ಧೂಳು ತಿಂದವು. ಫೋನುಗಳೇನು ಸುಳ್ಳು ಹೇಳುವುದನ್ನು ನಿಲ್ಲಿಸಲಿಲ್ಲ ಎನ್ನಿ; ಸುಳ್ಳು ಹೇಳುವಾಗ ಮುಖ ಕಪ್ಪಿಡುವುದನ್ನು ಕಲಿತವು, ಅಷ್ಟೆ. ಮೌನೇಶನ ವ್ಯಾಪಾರ ಮುಕ್ಕಾಲು ಇಳಿಯಿತು. ಆದರೆ ಹಿಂದಿನ ಬೀದಿಯ ಇಬ್ಬರು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಾಗ ಬಂದು ಬಾಗಿಲಲ್ಲಿ ನಿಂತು, ‘ಅಣ್ಣಾ, ನೀ ಬಂದು ನಡುವ ಕೂಡಬೇಕು’ ಎಂದರು.

ಒಂದು ಮಧ್ಯಾಹ್ನ ಅಯಾನ್ ಗಾಡಿಯನ್ನು ಹಾಗೇ ಬಿಟ್ಟು, ಅಂಗಿಯೊಳಗೆ ಏನನ್ನೋ ಅವುಚಿಕೊಂಡು ಅಂಗಡಿಗೆ ಬಂದ. ಅನ್ವಿತಾ ಧಾರವಾಡದಿಂದ ಬಂದಿದ್ದಳು. ಐಶ್ವರ್ಯವ್ವ ಬಾಗಿಲ ಬಳಿ ಕೂತು ಚುರುಮುರಿ ತಿನ್ನುತ್ತಿದ್ದಳು. ಅಯಾನ್ ಹೊರತೆಗೆದದ್ದು ಗಾಜು ಹಾಕಿದ ಒಂದು ಫೋಟೋ.

"ನಮ್ಮ ಅಬ್ಬಾಂದ್ರಿ ಮೇಡಂ. ಎರಡ ಸಾವಿರದ ಇಪ್ಪತ್ತಾರನೇ ಇಸ್ವಿದು, ಆಗಿನ ಫೋನಿಲೆ ತೆಗದದ್ದು. ನಾ ಇನ್ನೂ ತೊಟ್ಟಲದಾಗ ಇದ್ದೆ. ಮುಂದಿನ ವರ್ಷ ಅವರು ತೀರಿಕೊಂಡ್ರು. ಇದೊಂದ ಉಳದೈತಿ." ಚೌಕಟ್ಟನ್ನು ದೀಪದ ಕೆಳಗಿಟ್ಟ. "ಇದರಾಗ ಅಬ್ಬಾ ಎಷ್ಟು, ಫೋನು ಎಷ್ಟು, ನೋಡಿ ಹೇಳ್ರಿ."

ಅನ್ವಿತಾ ಚೌಕಟ್ಟನ್ನು ಮೆಲ್ಲಗೆ ಅವನ ಕಡೆಗೇ ಸರಿಸಿದಳು. "ಇದನ್ನ ಹೇಳಾಕ ನನ್ನಿಂದ ಆಗೂದಿಲ್ಲ ಅಯಾನ್. ಅವತ್ತ ಅವರ ಮ್ಯಾಲ ಬಿದ್ದ ಬೆಳಕಿನ್ಯಾಗ ತಾಳ ಇರಲಿಲ್ಲ. ಅದು ಬಂತು, ಹೋತು. ಈಗ ಎಷ್ಟ ದೀಪ ಹಚ್ಚಿದ್ರೂ ಅದು ತಿರುಗಿ ಬರಂಗಿಲ್ಲ."

"ಆಗಿನ ಫೋನೂ ಹಿಂಗ ಮಾಡತಿದ್ವೇನ್ರಿ?"

"ಆಗ ಶುರು ಆಗಿತ್ತು. ಮಾರಿ ನುಣ್ಣಗ ಮಾಡೂದು, ಕತ್ತಲಿಯೊಳಗಿಂದ ಬಣ್ಣ ತೆಗಿಯೂದು."

"ಮಂದಿ ಕೇಳಲಿಲ್ಲೇನು? ಅವರ ಕೈಯಾಗ ಇತ್ತಲ್ಲ, ಎದುರಿಗೆ ಮನಷ್ಯಾ ಇದ್ದ. ಎರಡೂ ನೋಡಿ ಹೋಲಿಸಲಿಲ್ಲೇನು?"

"ಕೆಲವರು ಕೇಳಿದ್ರು. ಭಾಳ ಮಂದಿ ‘ಚಂದ ಬಂದೈತಿ’ ಅಂದು ಮನಿಗೆ ಒಯ್ದರು."

ಅಯಾನ್ ತಲೆ ತಗ್ಗಿಸಿದ. ಅಷ್ಟರಲ್ಲಿ ಐಶ್ವರ್ಯವ್ವ ಕೈಯೊರೆಸಿಕೊಂಡು, "ತಾ ಇಲ್ಲೆ," ಎಂದು ಚೌಕಟ್ಟನ್ನು ಕಸಿದುಕೊಂಡಳು. ಪೊರೆ ತೆಗೆಸಿದ ಕಣ್ಣಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದಳು.

"ನಿಮ್ಮಪ್ಪ ಇಮ್ತಿಯಾಜನ ಹೌದು. ಆದ್ರ ಈ ಹಲ್ಲ ಯಾರ್ದು?"

"ಯಾವ ಹಲ್ಲ ಅಮ್ಮಾ?"

"ಇದ, ಮುಂದಿಂದು. ನಿಮ್ಮಪ್ಪಗ ಈ ಹಲ್ಲ ಎಲ್ಲಿತ್ತು? ಕ್ರಿಕೆಟ್ ಆಡಾಕ ಹೋಗಿ ಬಾಲ್ ಬಡಸ್ಕೊಂಡು ಉದುರಿಸಿಕೊಂಡಿದ್ದ. ನಕ್ಕಾಗ ಆ ಕಂಡಿಯೊಳಗ ನಾಲಗಿ ತುದಿ ಇಡತಿದ್ದ, ಕಳ್ಳ ಬೆಕ್ಕಿನಂಗ. ನಾವೆಲ್ಲಾ ಕಾಡತಿದ್ವಿ, ‘ಇಮ್ತಿಯಾಜ, ಬಾಗಿಲ ಹಾಕೋ’ ಅಂತ. ಮತ್ತಷ್ಟು ನಗತಿದ್ದ."

"ನನಗ ಯಾರೂ ಹೇಳಲೇ ಇಲ್ಲ."

"ನೀ ಯಾರನ್ನ ಕೇಳೀದಿ? ಫೋಟೋ ಐತಲ್ಲ ಅಂತ ಸುಮ್ಮನಿದ್ದಿ. ನಮಗೂ ಹಂಗ ಅನಿಸಿತ್ತು."

ಅಯಾನ್ ಚೌಕಟ್ಟನ್ನು ಇಸಿದುಕೊಂಡು ಬಹಳ ಹೊತ್ತು ನೋಡಿದ. "ಎಡಕಿನದೋ ಬಲಕಿನದೋ?"

"ಅವನ ಬಲಕ್ಕ."

ಮೌನೇಶ ಕೌಂಟರಿನ ಮೇಲಿದ್ದ ಕಪ್ಪು ಮಾರ್ಕರಿನ ಮುಚ್ಚಳ ತೆಗೆದು ಮುಂದೆ ಹಿಡಿದ. ಅಯಾನ್ ಚೌಕಟ್ಟನ್ನು ಮೊಣಕಾಲ ಮೇಲೆ ಆನಿಸಿಕೊಂಡು, ಗಾಜಿನ ಮೇಲೆ, ಅಪ್ಪನ ಬಲಗಡೆಯ ಮುಂದಿನ ಹಲ್ಲೊಂದನ್ನು ಅಂಚು ತಪ್ಪದಂತೆ ಕಪ್ಪು ಮಾಡಿದ. ರಸ್ತೆಯಲ್ಲಿ ಗಾಡಿಯ ಮುಂದೆ ನಿಂತ ಯಾರೋ ಗಿರ್ಮಿಟ್ಟು ಬೇಕೆಂದು ಕೂಗುತ್ತಿದ್ದರು. ಅವನು ಶಾಯಿ ಒಣಗಲೆಂದು ಬಗ್ಗಿ ಮೆಲ್ಲಗೆ ಊದಿದ.